ಜನತಾ ಮೆಷಿನ್ ಮೈಕ್ರೊಸ್ಕೋಪಿನಡಿ: ಆ್ಯಂಪ್ಲಿಟ್ಯೂಡ್ ಕಡಿಮೆ, ಮೊದಲು ಎಲ್ಲಿ ನೋಡಬೇಕು?

ಮೂರುಮುಳ್ಳು:
ಎಚ್‌ಎಂಟಿ ಜನತಾ ಕೈಗಡಿಯಾರ, 0231 ಮೆಷಿನ್, 17 ಜುವೆಲ್ (ಉಜ್ಜುವ ಕಡೆ ಕೂರಿಸಿದ ಕಲ್ಲು). ಹಿಂದೆ ಯಾರೋ ಪೆಟ್ರೋಲಿನಲ್ಲಿ ತೊಳೆದು ಎಣ್ಣೆ ಬಿಟ್ಟಿದ್ದಾರೆ. ಪೂರ್ತಿ ಕೀ ಕೊಟ್ಟರೂ ಟೈಮ್‌ಗ್ರಾಫರ್‌ನಲ್ಲಿ (ಟಿಕ್ ಸದ್ದು ಕೇಳಿ ಅಳೆಯುವ ಯಂತ್ರ) ಆ್ಯಂಪ್ಲಿಟ್ಯೂಡ್, ಅಂದರೆ ಆಚೆ ಈಚೆ ಆಡುವ ಬ್ಯಾಲೆನ್ಸ್ ವೀಲ್ ತೂಗುವ ಕೋನ, ಮಲಗಿಸಿದಾಗ 205 ಡಿಗ್ರಿ, ಕ್ರೌನ್ (ಕೀ ಕೊಡುವ ತಿರುಪು) ಕೆಳಗೆ ಮಾಡಿ ನಿಲ್ಲಿಸಿದಾಗ 170. ಲಿಫ್ಟ್ ಆ್ಯಂಗಲ್ (ಲೆಕ್ಕಕ್ಕೆ ಯಂತ್ರಕ್ಕೆ ಕೊಡುವ ಕೋನ) 52 ಇಟ್ಟಿದ್ದೇನೆ. ಬೀಟ್ ಎರರ್ (ಟಿಕ್‌ಗೂ ಟಾಕ್‌ಗೂ ನಡುವಿನ ವ್ಯತ್ಯಾಸ) 0.5, ಅದು ಪರವಾಗಿಲ್ಲ. ಸ್ಟೀರಿಯೊ ಮೈಕ್ರೊಸ್ಕೋಪ್ ಇದೆ, ಆದರೆ ರಿಂಗ್ ಲೈಟ್ ಹಾಕಿದರೆ ಎಲ್ಲ ಬೆಳ್ಳಗೆ ಹೊಳೆಯುತ್ತದೆ, ಎಣ್ಣೆ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಹೇರ್‌ಸ್ಪ್ರಿಂಗ್:
ರಿಂಗ್ ಲೈಟ್ ಆರಿಸಿ. ಒಂದೇ ಒಂದು ಎಲ್‌ಇಡಿಯನ್ನು ಪಕ್ಕದಿಂದ, ಬಹಳ ತಗ್ಗಿನಲ್ಲಿ ಬಿಡಿ. ಜುವೆಲ್ ಒಳಗೆ ಎಣ್ಣೆಯ ಅಂಚು ಉಂಗುರದ ಹಾಗೆ ಎದ್ದು ಕಾಣುತ್ತದೆ. ಕೆಲಸಕ್ಕೆ 10ರಿಂದ 15 ಪಟ್ಟು ಸಾಕು, 40 ಪಟ್ಟು ಬರೀ ನೋಡುವುದಕ್ಕೆ. ಅಷ್ಟರಲ್ಲಿ ಬ್ಯಾಲೆನ್ಸಿನ ತೆಳು ಸುರುಳಿಯಾದ ಹೇರ್ ಸ್ಪ್ರಿಂಗ್ ಫೋಕಸ್ ಆದರೆ ಕೆಳಗಿನ ಬ್ಯಾಲೆನ್ಸ್ ವೀಲ್ ಮಸುಕು. 0.5 ಬಾರ್ಲೋ ಲೆನ್ಸ್ ಹಾಕಿಕೊಂಡರೆ ಕೆಳಗೆ ಟ್ವೀಜರ್ ಆಡಿಸಲು ಜಾಗ ಸಿಗುತ್ತದೆ.

ಚಲನೆ ನೋಡಬೇಕಾದರೆ ಐಪೀಸಿಗೆ ಮೊಬೈಲ್ ಹಿಡಿದು ಸ್ಲೋಮೋಷನ್ ತೆಗೆಯಿರಿ. ಗಂಟೆಗೆ 18,000 ಬೀಟ್ ಅಂದರೆ ಸೆಕೆಂಡಿಗೆ 5. 240 ಫ್ರೇಮಿನಲ್ಲಿ ಒಂದು ಬೀಟಿಗೆ 48 ಫ್ರೇಮ್. 15 ಹಲ್ಲಿನ ಎಸ್ಕೇಪ್ ವೀಲ್ (ಪ್ಯಾಲೆಟ್ ಎಂಬ, ಎರಡು ಕಲ್ಲಿನ ಸನ್ನೆ ಹಿಡಿದು ಬಿಡುವ ಚಕ್ರ) ಒಂದು ಹಲ್ಲಿಗೆ ಎರಡು ಬೀಟಿನಂತೆ 6 ಸೆಕೆಂಡಿಗೆ ಒಂದು ಸುತ್ತು. ಒಂದೇ ಹಲ್ಲು ಕೆಟ್ಟಿದ್ದರೆ ಎಡವಟ್ಟು ಸರಿಯಾಗಿ 6 ಸೆಕೆಂಡಿಗೊಮ್ಮೆ ಮರುಕಳಿಸುತ್ತದೆ.

ಪ್ಯಾಲೆಟ್_ಕಲ್ಲು:
ನಿಲ್ಲಿಸಿದಾಗ 35 ಡಿಗ್ರಿ ಇಳಿಯುವುದು ಮಾಮೂಲಿ. ಮಲಗಿಸಿದಾಗ ಪಿವಟ್ಟಿನ (ಅಚ್ಚಿನ ಸಣ್ಣ ಕೊನೆ) ತುದಿ ಮಾತ್ರ ಕ್ಯಾಪ್ ಜುವೆಲ್ ಮೇಲೆ ನಿಂತಿರುತ್ತದೆ, ನಿಲ್ಲಿಸಿದರೆ ಅದರ ಮೈ ರಂಧ್ರಕ್ಕೆ ಉಜ್ಜುತ್ತದೆ. ನಿಮ್ಮ ತೊಂದರೆ ಅದಲ್ಲ, ಎರಡೂ ಕಡೆ ಕಡಿಮೆ ಇರುವುದು. ಹಾಗಾಗಿ ಬ್ಯಾಲೆನ್ಸ್ ಬಿಟ್ಟು ಅದಕ್ಕಿಂತ ಹಿಂದೆ, ಅಂದರೆ ಅದಕ್ಕೆ ಬಲ ಬರುವ ದಾರಿಯಲ್ಲಿ, ಹುಡುಕಿ.

ಕ್ಲಿಕ್ (ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ತಡೆಯುವ ಕೊಕ್ಕೆ) ಬಿಡಿಸಿ ಕೀ ಪೂರ್ತಿ ಇಳಿಸಿ. ಇದನ್ನು ಮಾಡದೆ ಪ್ಯಾಲೆಟ್ ಬ್ರಿಡ್ಜ್ ಬಿಚ್ಚಿದಿರೋ ಚಕ್ರಗಳು ಗಿರ್ರನೆ ತಿರುಗಿ ಪಿವಟ್ ಮುರಿಯಬಹುದು. ಪ್ಯಾಲೆಟ್ ತೆಗೆದ ಮೇಲೆ ಕ್ರೌನನ್ನು ಎರಡು ಮೂರು ಹಲ್ಲು ತಿರುಗಿಸಿ. ಚಕ್ರಗಳು ನುಣ್ಣಗೆ ಓಡಿ, ಕೊನೆಗೆ ಸ್ವಲ್ಪ ಹಿಂದಕ್ಕೆ ತಿರುಗಿ ನಿಲ್ಲಬೇಕು. ಟಕ್ಕನೆ ನಿಂತರೆ ಎಲ್ಲೋ ಕೊಳೆ ಇದೆ.

ಆಮೇಲೆ ಪ್ಯಾಲೆಟ್ಟನ್ನು 40 ಪಟ್ಟಿನಲ್ಲಿ ನೋಡಿ. ಕಲ್ಲಿನ ಮೇಲೆ, ಹಲ್ಲು ಬಂದು ತಗಲುವ ಕಡೆ, ಕಂದು ಗೆರೆ ಇದೆಯೇ? ಪ್ಯಾಲೆಟ್ಟಿನ ಪಿವಟ್ಟಿಗೆ ಎಣ್ಣೆ ಬಿದ್ದಿದೆಯೇ? ಅಲ್ಲಿ ಎಣ್ಣೆ ಇರಲೇಬಾರದು. ಫೋರ್ಕಿನ (ಪ್ಯಾಲೆಟ್ಟಿನ ಕವಲು) ಸೀಳಿಗೂ ಬೇಡ.

ಬ್ಯಾರೆಲ್:
ಮೇಲಿನದೆಲ್ಲ ಸರಿ. ಆದರೆ ನಾನಾದರೆ ಮೊದಲು ಮೇನ್ ಸ್ಪ್ರಿಂಗ್ ನೋಡುತ್ತೇನೆ, ಅದಕ್ಕೆ ಮೈಕ್ರೊಸ್ಕೋಪೂ ಬೇಡ. ಬ್ಯಾರೆಲಿನಿಂದ (ಅದನ್ನು ಸುತ್ತಿಟ್ಟ ಡಬ್ಬಿ) ಹೊರಗೆ ಬಂದಾಗ ಅಗಲವಾಗಿ ಬಿಚ್ಚಿಕೊಳ್ಳಬೇಕು. ಬ್ಯಾರೆಲಿಗಿಂತ ಸ್ವಲ್ಪವೇ ದೊಡ್ಡ ಸುರುಳಿಯಾಗಿ ಉಳಿದರೆ ಅದರ ಕಸುವು ಹೋಗಿದೆ, ಹೊಸದು ಹಾಕಿ. ಸೋತ ಸ್ಪ್ರಿಂಗ್ ಇಟ್ಟುಕೊಂಡು ಜುವೆಲ್ ತೊಳೆದು ತೊಳೆದು ಏನು ಪ್ರಯೋಜನ?

ಮೂರುಮುಳ್ಳು:
ಸ್ಪ್ರಿಂಗ್ ಚೆನ್ನಾಗಿಯೇ ಬಿಚ್ಚಿಕೊಂಡಿತು. ಚಕ್ರಗಳೂ ಹಿಂದಕ್ಕೆ ತಿರುಗಿಯೇ ನಿಂತವು. ಹೊರಗಡೆ ಕಲ್ಲಿನ (ಹಲ್ಲು ಬಿಟ್ಟು ಹೋಗುವ ಕಡೆಯದು) ಮೇಲೆ ಕಂದು ಗೆರೆ ಇದೆ, ಪ್ಯಾಲೆಟ್ಟಿನ ಎರಡೂ ಪಿವಟ್ ಸುತ್ತ ಎಣ್ಣೆ. ಸ್ಪಿರಿಟ್‌ನಲ್ಲಿ ನೆನೆಹಾಕಲೇ?

ಪ್ಯಾಲೆಟ್_ಕಲ್ಲು:
ಬೇಡ ಬೇಡ! ಕಲ್ಲುಗಳನ್ನು ಹಿಡಿದಿರುವುದು ಅರಗು. ಸ್ಪಿರಿಟ್‌ಗೆ ಅದು ಕರಗುತ್ತದೆ, ಕಲ್ಲು ಜರುಗುತ್ತದೆ, ಆಮೇಲೆ ಲಾಕ್ (ಕಲ್ಲು ಹಲ್ಲನ್ನು ಹಿಡಿಯುವ ಆಳ) ಹೊಂದಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಬ್ಯಾಲೆನ್ಸಿನ ರೋಲರ್ ಜುವೆಲ್ಲಿಗೂ (ಫೋರ್ಕ್ ತಳ್ಳುವ ಕಲ್ಲು) ಇದೇ ಮಾತು. ಲೈಟರಿಗೆ ತುಂಬುವ ನ್ಯಾಫ್ತಾದಲ್ಲಿ ತೊಳೆಯಿರಿ, ಪಂಪಿನ ಪೆಟ್ರೋಲ್ ಒಣಗಿದ ಮೇಲೆ ಅಂಟು ಉಳಿಸುತ್ತದೆ. ಗೆರೆ ಹೋಗದಿದ್ದರೆ ಪಿತ್‌ವುಡ್‌ಗೆ (ಬೆಂಡಿನಂಥ ಮೆತ್ತನೆ ಕಡ್ಡಿ) ಕಲ್ಲನ್ನು ಎರಡು ಮೂರು ಸಲ ಚುಚ್ಚಿ ತೆಗೆಯಿರಿ.

ಎಣ್ಣೆ: ಮೋಬಿಯಸ್ 9415 (ಪ್ಯಾಲೆಟ್ ಕಲ್ಲಿನ ಗ್ರೀಸ್), ಹೊರಗಡೆ ಕಲ್ಲಿನ ಹಲ್ಲು ತಗಲುವ ಮುಖಕ್ಕೆ ಸಣ್ಣ ಚುಕ್ಕೆ. ಫೋರ್ಕನ್ನು ಆಚೆ ಈಚೆ ಆಡಿಸಿ ಐದು ಹಲ್ಲು ದಾಟಿಸಿ, ಮತ್ತೊಂದು ಚುಕ್ಕೆ, ಇನ್ನೈದು ಹಲ್ಲು, ಇನ್ನೊಂದು. ಹದಿನೈದೂ ಹಲ್ಲಿಗೆ ತಲುಪಿತು. ಎಣ್ಣೆ ಪ್ಯಾಲೆಟ್ಟಿನ ಮೈಗೆ ಹರಿದರೆ ಹೆಚ್ಚಾಯಿತು ಅಂತ ಅರ್ಥ, ಮತ್ತೆ ತೊಳೆಯಬೇಕು. ಕೂಡಿಸಿ, ಪೂರ್ತಿ ಕೀ ಕೊಟ್ಟು, ಅರ್ಧ ಗಂಟೆ ಓಡಿಸಿದ ಮೇಲೆ ರೀಡಿಂಗ್ ತೆಗೆಯಿರಿ. ಮಲಗಿಸಿದಾಗ 250 ದಾಟದಿದ್ದರೆ ಮಾತ್ರ ಬ್ಯಾಲೆನ್ಸ್ ಜುವೆಲ್‌ಗಳ ಕಡೆ ಹೋಗಿ.