ಪಾತ್ರದ ಕಣ್ಣಿನಿಂದ ಕತೆ ಹೇಳುವುದು: 'ನಾನು' ಎಂದು ಬರೆದರೆ ಸಾಕೇ?

ಹೊಸ ಹಸ್ತಪ್ರತಿ (ಪ್ರಶ್ನೆ)

ಸಣ್ಣಕತೆಯೊಂದನ್ನು ತಿದ್ದುತ್ತಿದ್ದೇನೆ. ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವ, ಅರವತ್ತರ ಆಸುಪಾಸಿನ ಕಾವಲುಗಾರನೊಬ್ಬ, ತಾನೇ ಶಿಫಾರಸು ಮಾಡಿ ಕೆಲಸಕ್ಕೆ ಸೇರಿಸಿದ ಅಕ್ಕನ ಮಗ ಅಲ್ಲಿ ಕಳವು ಮಾಡುವುದನ್ನು ಕಾಣುತ್ತಾನೆ. ಮರುದಿನ ಮ್ಯಾನೇಜರು ಇಬ್ಬರನ್ನೂ ಕರೆದು ವಿಚಾರಿಸುತ್ತಾರೆ. ಅವರಿಗೆ ಆಗಲೇ ಎಲ್ಲವೂ ಗೊತ್ತಿದೆ. ಮುದುಕ ನಿಜ ಹೇಳುತ್ತಾನೋ ಇಲ್ಲವೋ ಎಂದು ನೋಡುತ್ತಿದ್ದಾರೆ ಅಷ್ಟೇ. ಈ ವಿಚಾರಣೆಯೇ ಕತೆಯ ಜೀವ. ಸದ್ಯದ ಕರಡಿನಲ್ಲಿ ನಿರೂಪಣೆ ಒಂದೇ ಪುಟದಲ್ಲಿ ಮೂವರ ಮನಸ್ಸಿನೊಳಕ್ಕೂ ಹೋಗಿ ಬರುತ್ತದೆ. ಓದಿದ ಗೆಳೆಯರು, ಪ್ರಸಂಗ ಚೆನ್ನಾಗಿದ್ದರೂ ತಾವು ಹೊರಗೇ ನಿಂತು ನೋಡಿದಂತಾಯಿತು ಎಂದರು.

ಇಡೀ ಕತೆಯನ್ನು ಕಾವಲುಗಾರನ ಬಾಯಿಂದ 'ನಾನು' ಎಂದು ಹೇಳಿಸಿದರೆ ಓದುಗರು ಒಳಗೆ ಬರುತ್ತಾರೆಯೇ? ಹಾಗೆ ಮಾಡಿದರೆ, ಮ್ಯಾನೇಜರಿಗೆ ಎಲ್ಲವೂ ತಿಳಿದಿದೆ ಎಂಬುದನ್ನು ಓದುಗರಿಗೆ ಮುಟ್ಟಿಸುವುದು ಹೇಗೆ?

ಅಂಚಿನ ಟಿಪ್ಪಣಿ

ಸರ್ವನಾಮ ಬದಲಿಸುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಕಾವಲುಗಾರನ ಭಾಗದಲ್ಲಿರುವ 'ಅವನು'ಗಳನ್ನೆಲ್ಲ 'ನಾನು' ಮಾಡಿ, ಕ್ರಿಯಾಪದಗಳನ್ನು ಅದಕ್ಕೆ ಹೊಂದಿಸಿ ಓದಿ. ಉಳಿದದ್ದೇನನ್ನೂ ಮುಟ್ಟದೆಯೇ ವಾಕ್ಯಗಳು ಸಲೀಸಾಗಿ ನಿಂತುಬಿಟ್ಟರೆ, 'ನಾನು' ಬಂದದ್ದರಿಂದ ಹೆಚ್ಚೇನೂ ಆಗಿಲ್ಲ ಎಂದು ತಿಳಿಯಬೇಕು. ಆ ವಾಕ್ಯಗಳು ಮೊದಲಿನಿಂದಲೂ ಯಾರ ಕಣ್ಣಿಗೂ ಸೇರಿದವಾಗಿರಲಿಲ್ಲ.

ಓದುಗರನ್ನು ಒಳಗೆಳೆಯುವುದು ಆಯ್ಕೆ. ಈ ಮನುಷ್ಯ ಒಂದು ಕೋಣೆಗೆ ಕಾಲಿಟ್ಟಾಗ ಮೊದಲು ಏನನ್ನು ಗಮನಿಸುತ್ತಾನೆ, ಏನನ್ನು ಗಮನಿಸುವುದೇ ಇಲ್ಲ, ಯಾವುದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾನೆ ಎಂಬ ಪ್ರಶ್ನೆಗಳಿಗೆ ಲೇಖಕರಲ್ಲಿ ಉತ್ತರವಿರಬೇಕು. 'ಕೋಣೆಯಲ್ಲಿ ಒಂದು ಮೇಜು ಮತ್ತು ಮೂರು ಕುರ್ಚಿಗಳಿದ್ದವು' ಎಂಬ ವಾಕ್ಯವನ್ನು ಯಾರು ಬೇಕಾದರೂ ಬರೆಯಬಹುದು. 'ಮೂರು ಕುರ್ಚಿ ಹಾಕಿಸಿದ್ದರು. ಇಷ್ಟು ವರ್ಷದಲ್ಲಿ ಅವನನ್ನು ಕೂರಿಸಿ ಮಾತನಾಡಿಸಿದವರಲ್ಲ' ಎಂದಾಗ ಅದೇ ಕುರ್ಚಿಗಳು ಅವನ ಭಯದ ಭಾಗವಾಗುತ್ತವೆ. ವರ್ಷಗಟ್ಟಲೆ ಗೇಟಿನಲ್ಲಿ ನಿಂತವನ ಕಣ್ಣು ಜನರ ಮುಖಕ್ಕಿಂತ ಮೊದಲು ಅವರ ಕೈಗಳ ಮೇಲೆ, ಚೀಲಗಳ ಮೇಲೆ ಬೀಳುತ್ತದೆ. ಅವನ ಕಸುಬೇ ಅದು. ವಿಚಾರಣೆಯ ಕೋಣೆಯಲ್ಲೂ ಆ ಅಭ್ಯಾಸ ಅವನನ್ನು ಬಿಡಬಾರದು.

ಇನ್ನೊಂದು ಮಾತು. 'ಅವನು ನೋಡಿದ', 'ಅವನಿಗೆ ಕೇಳಿಸಿತು', 'ಅವನಿಗೆ ಅನ್ನಿಸಿತು' ಎಂಬವು ಪಾತ್ರಕ್ಕೂ ಓದುಗರಿಗೂ ನಡುವೆ ಗಾಜಿನಂತೆ ನಿಲ್ಲುತ್ತವೆ. 'ಹೊರಗೆ ಲಾರಿ ನಿಂತ ಸದ್ದು ಅವನಿಗೆ ಕೇಳಿಸಿತು' ಎನ್ನುವ ಬದಲು 'ಹೊರಗೆ ಲಾರಿ ನಿಂತಿತು' ಎಂದರೆ, ಕೇಳಿಸಿಕೊಂಡವನು ಅವನೇ ಎಂಬುದು ತಾನಾಗಿಯೇ ತಿಳಿಯುತ್ತದೆ. ಆದರೆ ನೋಡುವುದೇ ಘಟನೆಯಾಗಿರುವ ಕಡೆ, ಅಂದರೆ ಹುಡುಗ ಕಳವು ಮಾಡುವುದನ್ನು ಅವನು ಕಂಡ ಗಳಿಗೆಯಲ್ಲಿ, 'ನೋಡಿದ' ಎಂಬ ಪದವನ್ನು ಖಂಡಿತ ಉಳಿಸಿಕೊಳ್ಳಿ.

ಮೂರನೇ ಕರಡು

ಮೇಲಿನದನ್ನು ಒಪ್ಪುತ್ತೇನೆ. 'ಅವನು' ಎಂದು ಬರೆಯುತ್ತಲೇ ಎಷ್ಟು ಒಳಗೆ ಹೋಗಬಹುದು ಎಂಬುದನ್ನಷ್ಟೇ ವಿವರಿಸುತ್ತೇನೆ, ಏಕೆಂದರೆ ಕನ್ನಡದಲ್ಲಿ ಇದಕ್ಕೆ ಬೇಕಾದ ಸಲಕರಣೆಗಳು ಧಾರಾಳವಾಗಿವೆ.

'ಹುಡುಗ ನನ್ನ ಮುಖ ನೋಡುತ್ತಿಲ್ಲವಲ್ಲ ಎಂದು ಅವನು ಅಂದುಕೊಂಡ' ಎಂಬುದು ಹೊರಗಿನಿಂದ ಬಂದ ವರದಿ. ಇದನ್ನು ಹೀಗೆ ಬರೆದು ನೋಡಿ: 'ಹುಡುಗ ಮುಖ ಎತ್ತುತ್ತಿಲ್ಲ. ಎತ್ತಿದರೂ ಏನು ಹೇಳಿಯಾನು? ಬೆಳಗಿನ ಜಾವ ಗೇಟು ತೆಗೆದದ್ದು ತಾನೇ ಅಲ್ಲವೇ?' ಇಲ್ಲಿ 'ಅಂದುಕೊಂಡ' ಇಲ್ಲ, ಉದ್ಧರಣ ಚಿಹ್ನೆಯೂ ಬೇಕಿಲ್ಲ. ಪ್ರಶ್ನೆಗಳು ಅವನವು, 'ಹುಡುಗ' ಎಂಬ ಸಲಿಗೆಯೂ ಅವನದು, ಆದರೂ ನಿರೂಪಣೆ 'ನಾನು' ಆಗಿಲ್ಲ. 'ತಾನು' ಎಂಬ ಸರ್ವನಾಮ ಯಾರ ಮನಸ್ಸಿನಲ್ಲಿ ನಾವಿದ್ದೇವೆ ಎಂಬುದನ್ನು ಸದ್ದಿಲ್ಲದೆ ತೋರಿಸುತ್ತದೆ.

ಲೇಖಕರ ದನಿ ಮತ್ತು ಪಾತ್ರದ ದನಿ ಹೀಗೆ ಬೆರೆತಾಗ ಎಷ್ಟು ದೂರದ ಪರಿಣಾಮವಾದೀತು ಎಂಬುದಕ್ಕೆ 1857ರಲ್ಲಿ ಫ್ರೆಂಚ್ ಲೇಖಕ ಫ್ಲೋಬೇರರ 'ಮದಾಂ ಬೋವರಿ' ಕಾದಂಬರಿ ನೀತಿಗೆಟ್ಟದ್ದು ಎಂಬ ಆರೋಪದ ಮೇಲೆ ನಡೆದ ಮೊಕದ್ದಮೆಯೇ ಸಾಕ್ಷಿ. ನಾಯಕಿಯ ಮನಸ್ಸಿನೊಳಗಿನ ವಾಕ್ಯಗಳನ್ನು ಸರ್ಕಾರಿ ವಕೀಲರು ಕೃತಿಯದೇ ಅಭಿಪ್ರಾಯವೆಂಬಂತೆ ಓದಿದರು ಎಂದು ನಂತರದ ವಿಮರ್ಶಕರು ಗುರುತಿಸಿದ್ದಾರೆ. ಕಾದಂಬರಿಕಾರರು ಖುಲಾಸೆಯಾದರು.

ಕ್ರಿಯಾಪದಗಳ ಮೇಲೂ ನಿಗಾ ಇರಲಿ. 'ಮ್ಯಾನೇಜರು ಒಳಗೆ ಬಂದರು' ಎಂದರೆ ಓದುಗರು ಕೋಣೆಯೊಳಗಿದ್ದಾರೆ. 'ಒಳಗೆ ಹೋದರು' ಎಂದರೆ ಹೊರಗಿದ್ದಾರೆ. ಒಂದೇ ಪ್ಯಾರಾದಲ್ಲಿ ಇವೆರಡೂ ಅಡ್ಡಾದಿಡ್ಡಿಯಾಗಿ ಬಂದರೆ, ಓದುಗರಿಗೆ ಕಾರಣ ಗೊತ್ತಾಗದಿದ್ದರೂ ನೆಲೆ ತಪ್ಪಿದಂತಾಗುತ್ತದೆ. ನಿಮ್ಮ ಗೆಳೆಯರ ಮಾತಿಗೆ ಇದೂ ಒಂದು ಕಾರಣವಿರಬಹುದು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಬಹುವಚನ. ಕಾವಲುಗಾರನ ದೃಷ್ಟಿಯಲ್ಲಿ ಮ್ಯಾನೇಜರು ಕತೆಯುದ್ದಕ್ಕೂ 'ಅವರು' ಆಗಿದ್ದು, ಒಂದೇ ಒಂದು ಕಡೆ, ಅವಮಾನದ ಗಳಿಗೆಯಲ್ಲಿ, ಅವನ ಮನಸ್ಸಿನೊಳಗೆ 'ಅವನು' ಆಗಿಬಿಟ್ಟರೆ, ಕೋಪ ಎಂಬ ಪದವನ್ನೇ ಬಳಸದೆ ಕೋಪವನ್ನು ಕಾಣಿಸಿದಂತಾಗುತ್ತದೆ.

ಹಳೆಯ ಓದುಗ

ಹಲವು ಮನಸ್ಸುಗಳೊಳಗೆ ಹೋಗುವುದೇ ದೋಷ ಎಂಬಂತೆ ಚರ್ಚೆ ಸಾಗುತ್ತಿರುವುದರಿಂದ ಇಷ್ಟು ಹೇಳಬೇಕೆನ್ನಿಸಿತು. ಭೈರಪ್ಪನವರ 'ಪರ್ವ' (1979) ಒಂದೇ ಮಹಾಕಥೆಯನ್ನು ಹಲವು ಪಾತ್ರಗಳ ನೆನಪುಗಳ ಮೂಲಕ ಕಟ್ಟುತ್ತದೆ. ಅಲ್ಲಿ ಓದುಗರು ದಿಕ್ಕು ತಪ್ಪದಿರುವುದಕ್ಕೆ ಕಾರಣ, ಒಂದೊಂದು ಪಾತ್ರದೊಡನೆಯೂ ಸಾಕಷ್ಟು ಹೊತ್ತು ಇರಲು ಸಿಗುವ ಅವಕಾಶ. ಒಂದು ಪುಟದ ದೃಶ್ಯದಲ್ಲಿ ಆ ವ್ಯವಧಾನ ಸಿಗುವುದಿಲ್ಲ. ಓದುಗರು ಒಬ್ಬನ ಆತಂಕಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಇನ್ನೊಬ್ಬನ ಬಳಿಗೆ ಹೋಗಬೇಕಾಗುತ್ತದೆ. ಅಷ್ಟೇ ಅಲ್ಲ, ಮ್ಯಾನೇಜರ ತಲೆಯೊಳಗೆ ಹೋದ ಕ್ಷಣವೇ ಅವರಿಗೆ ಎಲ್ಲ ಗೊತ್ತಿದೆ ಎಂದು ತಿಳಿದುಬಿಡುತ್ತದೆ. ಆಮೇಲೆ ಮುದುಕನ ಜೊತೆ ಕುಳಿತು ಹೆದರುವುದಕ್ಕೆ ಓದುಗರಿಗೆ ಏನು ಉಳಿಯಿತು?

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಕಾವಲುಗಾರ ಕಾಣುವುದನ್ನು ಬರೆಯಿರಿ, ಅದರ ಅರ್ಥ ಅವನಿಗೆ ಹೊಳೆಯದಿರಲಿ. ಮೇಜಿನ ಮೇಲೆ ಗೇಟಿನ ರಿಜಿಸ್ಟರು ಆ ರಾತ್ರಿಯ ಪುಟಕ್ಕೇ ತೆರೆದುಕೊಂಡಿರಲಿ. ಮ್ಯಾನೇಜರು ಕಳವಿನ ಮಾತನ್ನೇ ಎತ್ತದೆ, ಮಳೆ ಎಷ್ಟು ಹೊತ್ತಿಗೆ ನಿಂತಿತು ಎಂದು ಕೇಳಲಿ, ಮುದುಕ ಅದನ್ನು ಕುಶಲೋಪರಿ ಎಂದುಕೊಳ್ಳಲಿ. ಪಾತ್ರಕ್ಕಿಂತ ಅರ್ಧ ಹೆಜ್ಜೆ ಮುಂದೆ ಇರುವ ಓದುಗರಿಗೆ ಅವನನ್ನು ಎಚ್ಚರಿಸಬೇಕೆನ್ನಿಸುತ್ತದೆ, ಆದರೆ ಎಚ್ಚರಿಸಲಾಗುವುದಿಲ್ಲ. ಕತೆಯೊಳಗೆ ಸಿಕ್ಕಿಕೊಳ್ಳುವುದು ಎಂದರೆ ನನ್ನ ಮಟ್ಟಿಗೆ ಇದೇ. ನಂಬಲರ್ಹನಲ್ಲದ ನಿರೂಪಕ ಎಂಬ ಪರಿಕಲ್ಪನೆಯನ್ನು ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಮುಂದಿಟ್ಟಾಗಿನಿಂದ ಇದರ ಬಗ್ಗೆ ಬಹಳಷ್ಟು ಚರ್ಚೆಯಾಗಿದೆ. ನಿಮ್ಮ ಕಾವಲುಗಾರ ಓದುಗರಿಗೆ ಸುಳ್ಳು ಹೇಳಬೇಕಾಗಿಲ್ಲ, ಅವನ ತಿಳಿವಳಿಕೆಗೆ ಒಂದು ಮಿತಿ ಇದ್ದರೆ ಸಾಕು.

'ನಾನು' ನಿರೂಪಣೆಯನ್ನೇ ಆರಿಸಿಕೊಂಡರೆ, ಅವನು ಇದನ್ನು ಯಾವಾಗ, ಯಾರಿಗೆ ಹೇಳುತ್ತಿದ್ದಾನೆ ಎಂಬುದು ನಿಮಗೆ ಸ್ಪಷ್ಟವಿರಬೇಕು. ಎಲ್ಲ ಮುಗಿದ ಮೇಲೆ ಹೇಳುತ್ತಿದ್ದರೆ ಕೊನೆ ಅವನಿಗೆ ಗೊತ್ತಿದೆ. ಗೊತ್ತಿದ್ದೂ ಏನೂ ಅರಿಯದವನಂತೆ ನಟಿಸಿದರೆ ಓದುಗರಿಗೆ ಮೋಸವಾದಂತೆ.

ಮತ್ತೊಂದು ದಾರಿಯನ್ನೂ ಯೋಚಿಸಿ: ಅಕ್ಕನ ಮಗನೇ ಹೇಳಲಿ. ತೇಜಸ್ವಿಯವರ 'ಕರ್ವಾಲೊ' (1980) ಕಾದಂಬರಿಯಲ್ಲಿ 'ನಾನು' ಎನ್ನುವವರು ಪಕ್ಕದಲ್ಲಿದ್ದು ನೋಡುತ್ತಾರೆ. ನಮ್ಮ ಕುತೂಹಲ ಕರ್ವಾಲೊ ಮತ್ತು ಮಂದಣ್ಣರ ಮೇಲೆ ನೆಡುತ್ತದೆ. ಹುಡುಗ ಹೇಳಿದರೆ ಮಾವನ ಮನಸ್ಸು ಮುಚ್ಚಿಯೇ ಇರುತ್ತದೆ, ಮಾವ ಬಾಯಿ ತೆರೆಯುವುದನ್ನು ಅವನ ಜೊತೆ ನಾವೂ ಕಾಯುತ್ತೇವೆ.

ಹೊಸ ಹಸ್ತಪ್ರತಿ

ಎಲ್ಲರಿಗೂ ಕೃತಜ್ಞತೆಗಳು. ಹುಡುಗನ ನಿರೂಪಣೆ ಆಕರ್ಷಕವಾಗಿದೆಯಾದರೂ, ಕಳವನ್ನು ಕಂಡ ರಾತ್ರಿ ಮಾವನ ಮನಸ್ಸಿನಲ್ಲಿ ಏನಾಯಿತು ಎಂಬುದನ್ನು ಬಿಟ್ಟುಕೊಡಲು ನಾನು ಸಿದ್ಧಳಿಲ್ಲ. ಹಾಗಾಗಿ 'ಅವನು' ಎಂದೇ ಬರೆದು, ಮೊದಲಿನಿಂದ ಕೊನೆಯವರೆಗೆ ಕಾವಲುಗಾರನ ಜೊತೆಗೇ ಇರುತ್ತೇನೆ. ಒಂದು ಸಂದೇಹ ಉಳಿದಿದೆ. ಕತೆಯ ಕೊನೆಯಲ್ಲಿ ಅವನು ಸುಳ್ಳು ಹೇಳುತ್ತಾನೆ. ಅಷ್ಟು ಹತ್ತಿರದಲ್ಲಿದ್ದುಕೊಂಡು ಆ ತೀರ್ಮಾನವನ್ನು ಓದುಗರಿಂದ ಮುಚ್ಚಿಡಬಹುದೇ?

ಅಂಚಿನ ಟಿಪ್ಪಣಿ

ಅವನು ತೀರ್ಮಾನಿಸಿದ್ದರೆ ಮುಚ್ಚಿಡುವಂತಿಲ್ಲ. ಅವನ ಬೆವರು, ಕುರ್ಚಿ, ಮಳೆ ಎಲ್ಲವನ್ನೂ ಹಂಚಿಕೊಂಡು, ಆ ಹೊತ್ತಿನ ಅತಿ ಮುಖ್ಯ ಯೋಚನೆಯನ್ನು ಮಾತ್ರ ತಡೆಹಿಡಿದರೆ ಓದುಗರಿಗೆ ಲೇಖಕರ ಕೈ ಕಂಡುಬಿಡುತ್ತದೆ. ಅದರ ಬದಲು ಅವನು ಏನನ್ನೂ ತೀರ್ಮಾನಿಸದೆಯೇ ಆ ಕೋಣೆಗೆ ಹೋಗಲಿ. ಅಕ್ಕನಿಗೆ ಕೊಟ್ಟ ಮಾತು, ಗೇಟಿನಲ್ಲಿ ಕಳೆದ ವರ್ಷಗಳು, ಎರಡೂ ಅವನ ತಲೆಯಲ್ಲಿ ಓಡಾಡುತ್ತಿರಲಿ, ಯಾವುದು ಗೆಲ್ಲುತ್ತದೆಂದು ಅವನಿಗೂ ತಿಳಿಯದಿರಲಿ. ಉತ್ತರ ಬಾಯಿಂದ ಬಂದ ಮೇಲೆಯೇ ಅದು ಅವನ ಅರಿವಿಗೂ ಬರಲಿ. ಆ ಸುಳ್ಳಿನ ಬೆನ್ನಿಗೇ ಅವನ ಮನಸ್ಸನ್ನು ವಿವರಿಸುವ ಸಾಲು ಸೇರಿಸಬೇಡಿ. ನೇರವಾಗಿ ಮ್ಯಾನೇಜರ ಮುಂದಿನ ಪ್ರಶ್ನೆಗೆ ಹೋಗಿ.