ಸಹಾಯ ಬೇಕು: ಅಮ್ಮನ ಹೊಟ್ಟೆಯ ಎಚ್. ಪೈಲೋರಿ ಹೋಗ್ತಿಲ್ಲ, ವಿಟಮಿನ್ ಡಿ ಬರೀ 11

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ಆರು ತಿಂಗಳಿಂದ ಹೊಟ್ಟೆ ಉರಿ, ನಾಲ್ಕು ತುತ್ತು ತಿಂದರೆ ಉಬ್ಬರ. ಅರ್ಧ ರೊಟ್ಟಿ ತಟ್ಟೆಯ ಅಂಚಿಗೆ ಸರಿಸಿ ಎದ್ದುಬಿಡುತ್ತಾರೆ, ನೋಡೋಕೆ ಆಗಲ್ಲ. ಎಂಡೋಸ್ಕೋಪಿ ಮಾಡಿಸಿದಾಗ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇರುವುದು ಗೊತ್ತಾಯಿತು.

14 ದಿನ ಅಮಾಕ್ಸಿಸಿಲಿನ್, ಕ್ಲಾರಿಥ್ರೋಮೈಸಿನ್, ಜೊತೆಗೆ ಆಸಿಡ್ ಕಡಿಮೆ ಮಾಡುವ ಮಾತ್ರೆ ಕೊಟ್ಟರು. ಒಂದು ಹೊತ್ತೂ ತಪ್ಪಿಸಿಲ್ಲ. ನಾನೇ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ. ಆಂಟಿಬಯೋಟಿಕ್ ಮುಗಿದು ಆರು ವಾರ ಆದ ಮೇಲೆ ಮಲ ಪರೀಕ್ಷೆ ಮಾಡಿಸಿದೆವು. ಅದಕ್ಕೂ ಎರಡು ವಾರ ಮುಂಚೆಯೇ ಆಸಿಡ್ ಮಾತ್ರೆ ನಿಲ್ಲಿಸಿದ್ದೆವು. ಆದರೂ ಮತ್ತೆ ಪಾಸಿಟಿವ್.

ಈ ನಡುವೆ ಮೈಕೈ ನೋವು ಅಂತ ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ 11 ಬಂತು. 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತಾರೆ. ವಾರಕ್ಕೊಂದು 60,000 ಯೂನಿಟ್ ಪುಡಿ ಹಾಲಿನಲ್ಲಿ ಕಲಸಿ ಕೊಡುತ್ತಿದ್ದೇವೆ, ಎರಡು ವಾರ ಆಯಿತು.

ನನ್ನ ಗೊಂದಲ ಇಲ್ಲಿದೆ. ವಿಟಮಿನ್ ಡಿ ಕಡಿಮೆ ಇದ್ದವರಲ್ಲಿ ಎಚ್. ಪೈಲೋರಿ ಚಿಕಿತ್ಸೆ ಫಲಿಸದೇ ಇರುವುದು ಜಾಸ್ತಿ ಎಂದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗಂತ ಡಿ ಏರಿಸಿದರೆ ಸೋಂಕು ಹೋಗುತ್ತೆ ಅಂತ ಅರ್ಥ ಅಲ್ಲ, ಅಲ್ವಾ? ಕ್ಲಾರಿಥ್ರೋಮೈಸಿನ್‌ಗೆ ಬಗ್ಗದ ಬ್ಯಾಕ್ಟೀರಿಯಾವೂ ಇರಬಹುದು. ಡಾಕ್ಟರ್ ಈಗ ಬಿಸ್ಮತ್ ಅನ್ನೋ ಔಷಧಿ ಇರುವ ಎರಡನೇ ಕೋರ್ಸ್ ಬರೆದಿದ್ದಾರೆ. ಅಲ್ಲಿ ಜನ ತುಂಬಿದ್ದರು, ಡಿ ವಿಷಯ ಕೇಳೋಕೆ ಆಗಲಿಲ್ಲ. ಮುಂದಿನ ಭೇಟಿ ಸೋಮವಾರ.

ಎರಡನೇ ಕೋರ್ಸ್ ಈಗಲೇ ಶುರು ಮಾಡಬೇಕಾ, ಇಲ್ಲಾ ಎರಡು ತಿಂಗಳು ಕಾದು ಡಿ ಏರಿದ ಮೇಲೆ ಮಾಡಬೇಕಾ? ಇದೇ ಪರಿಸ್ಥಿತಿ ಇದ್ದವರಿಗೆ ನಿಮ್ಮ ಹೊಟ್ಟೆ ಡಾಕ್ಟರ್ ಏನು ಹೇಳಿದರು, ದಯವಿಟ್ಟು ತಿಳಿಸಿ.