ಅಪ್‌ಡೇಟ್: ಅಪ್ಪನ ಬಾಯಿಯ ಬಿಳಿ ಮಚ್ಚೆ, ಬಯಾಪ್ಸಿ ರಿಪೋರ್ಟ್ ಬಂತು

ಅಪ್ಪನ ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆ, ನೋವಿಲ್ಲ, ತೋರಿಸಬೇಕಾ ಎಂದು ಕೇಳಿದ್ದೆ. ತಡ ಮಾಡಬೇಡಿ ಎಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಡೆಂಟಲ್ ಕಾಲೇಜಿನಲ್ಲಿ ತೋರಿಸಿದೆವು.

ಡಾಕ್ಟರ್ ಮೊದಲು ಮಚ್ಚೆಯನ್ನು ಬಟ್ಟೆಯಿಂದ ಒರೆಸಿ ನೋಡಿದರು. ಹೋಗಲಿಲ್ಲ. ಒರೆಸಿದರೆ ಹೋಗುವುದು ಸಾಮಾನ್ಯವಾಗಿ ಫಂಗಸ್, ಇದು ಲ್ಯುಕೋಪ್ಲೇಕಿಯಾ (ಒರೆಸಿದರೂ ಹೋಗದ, ಕೆಲವೊಮ್ಮೆ ಮುಂದೆ ಕ್ಯಾನ್ಸರ್ ಆಗಬಹುದಾದ ಬಿಳಿ ಮಚ್ಚೆ) ಥರ ಇದೆ ಎಂದರು. ಅಪ್ಪ ಎಲೆಅಡಿಕೆ, ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವುದೂ ಅದೇ ಕೆನ್ನೆಯಲ್ಲಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಕ್ಯಾನ್ಸರ್ ಅಲ್ಲ! ಆದರೆ ಜೀವಕೋಶಗಳಲ್ಲಿ ಬದಲಾವಣೆ ಸ್ವಲ್ಪ ಶುರುವಾಗಿದೆ. ಮುಂದೆ ಕ್ಯಾನ್ಸರ್ ಆಗಲೇಬೇಕು ಅಂತೇನಿಲ್ಲ, ಆದರೆ ನಿಗಾ ಬೇಕೇ ಬೇಕು.

ನನ್ನ ಹಾಗೇ ಯೋಚಿಸುತ್ತಿರುವವರಿಗೆ: ಹುಣ್ಣಾಗಲಿ ಮಚ್ಚೆಯಾಗಲಿ 2 ವಾರ ದಾಟಿದರೂ ಹೋಗದಿದ್ದರೆ ತೋರಿಸಿ. ಕೆಂಪು ಮಚ್ಚೆ ಬಿಳಿಗಿಂತ ಜಾಸ್ತಿ ಅಪಾಯ. ಗಂಟು, ಮರಗಟ್ಟಿದ ಜಾಗ, ಸುಮ್ನೆ ರಕ್ತ ಬರುವುದು, ಬಾಯಿ ಮೊದಲಿನಷ್ಟು ತೆರೆಯದಿರುವುದು, ಇವು ಕಂಡರೂ ಕಾಯದೆ ತೋರಿಸಿ. ನೋವಿಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ. ಶುರುವಿನಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ.

ಹೊಗೆಸೊಪ್ಪು ಬಿಟ್ಟರೆ ಸಾಕಲ್ವಾ ಎಂದು ಅಪ್ಪ ಕೇಳಿದರು. ಸಾಲದು. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ಮನೆಯಲ್ಲಿ ಈ ಮಾತು ಒಪ್ಪಿಸುವುದು ಕಷ್ಟವೇ.

3 ತಿಂಗಳಿಗೆ ಮತ್ತೆ ಚೆಕಪ್ ಇದೆ. ಊಟವಾದ ಮೇಲೆ ಅಪ್ಪನ ಕೈ ಈಗಲೂ ಎಲೆಅಡಿಕೆ ಚೀಲ ಹುಡುಕುತ್ತದೆ. ಮನೆಯಲ್ಲಿ ಯಾರಾದರೂ ಬಿಟ್ಟಿದ್ದರೆ, ಆ ಹೊತ್ತನ್ನು ಹೇಗೆ ದಾಟಿದರು ಎಂದು ದಯವಿಟ್ಟು ತಿಳಿಸಿ.